ಕಾಟು ಹೊಡೆದ ಪುಟ

ಗಣಿತದ ಪರೀಕ್ಷೆಯಲ್ಲಿ ಮಕ್ಕಳು ಮಾಡುವ ತಪ್ಪುಗಳ ಬಗ್ಗೆ ಯಾರಾದರೂ ಬುದ್ಧಿ ಹೇಳಲು ಶುರು ಮಾಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಪ್ರಶ್ನೆ ಪೂರ್ತಿ ಓದಿ, ಗಾಬರಿಯಾಗಬೇಡಿ, ಪ್ಲಸ್ಸು ಮೈನಸ್ಸು ನೋಡಿಕೊಳ್ಳಿ. ಇದನ್ನು ಹೇಳಲು ಲೆಕ್ಚರರೇ ಬೇಕೆ? ನಮ್ಮ ಅಜ್ಜಿಯೂ ಹೇಳುತ್ತಿದ್ದಳು.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಓಣಿಗೆ ಓಣಿಯೇ ಪಾವರ್‌ಲೂಮಿಗೆ ಹೋದ ಮೇಲೂ ಅಪ್ಪ ಕೈಮಗ್ಗ ಬಿಟ್ಟಿರಲಿಲ್ಲ. ನೇಯುವಾಗ ಒಂದು ಎಳೆ ತಪ್ಪಿದ್ದು ಕಣ್ಣಿಗೆ ಬಿದ್ದರೆ ಸಾಕು, ಅಲ್ಲಿಯವರೆಗೆ ಬಿಚ್ಚಿ ಮತ್ತೆ ನೇಯುತ್ತಿದ್ದ. ಮಧ್ಯಾಹ್ನವಿಡೀ ನೇಯ್ದದ್ದು ಹೋದರೂ ಸರಿ. ಹಾಗೇ ಬಿಟ್ಟರೆ ಸೀರೆಗೆ ಸೀರೆಯೇ ಡ್ಯಾಮೇಜು. ತಪ್ಪಿದ್ದು ಒಂದೇ ಎಳೆ, ಉಳಿದದ್ದೆಲ್ಲ ಚೆನ್ನಾಗಿದೆ ಎಂದರೆ ಕೊಳ್ಳುವ ಸಾಹುಕಾರ ಕೇಳುವುದಿಲ್ಲ. ಮಗ್ಗದ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತ ನಾನು ಬೆಳೆದದ್ದು ಇದನ್ನು ನೋಡಿಕೊಂಡೇ. ತಪ್ಪನ್ನು ಇಟ್ಟುಕೊಂಡು ಮುಂದೆ ಹೋಗುವುದೆಂದರೆ ನಮ್ಮ ಮನೆಯಲ್ಲಿ ಕಳ್ಳತನ ಮಾಡಿದ ಹಾಗೆ.

ಪಿಯುಸಿ ಎರಡನೇ ವರ್ಷದಲ್ಲಿ ಅಪ್ಪ ಒಂದೇ ಮಾತು ಹೇಳಿದ್ದ. "ಪಾಸಾದ್ರ ಡಿಗ್ರಿಗೆ ಜಮಖಂಡಿಗೆ ಹೋಗು, ನಾ ಬ್ಯಾಡ ಅನ್ನೂದಿಲ್ಲ. ಫೇಲಾದ್ರ ಮತ್ತೊಮ್ಮೆ ಕುಂದ್ರೂದು ಗಿಂದ್ರೂದು ಇಲ್ಲ. ಮಗ್ಗದ ಕೆಲಸ ಐತಿ." ನಾನು ಹೂಂ ಎಂದೆ. ಬೆಳಗಿನ ಜಮಖಂಡಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ನಾನಾಗಲೇ ಕೂತುಬಿಟ್ಟಿದ್ದೆ.

ನಮಗೆ ಗಣಿತ ಹೇಳುತ್ತಿದ್ದ ಸರ್ ಸಂಜೆ ತಮ್ಮ ಮನೆಯಲ್ಲಿ ಟ್ಯೂಷನ್ ನಡೆಸುತ್ತಿದ್ದರು. ನಾನೂ ಹೋಗಲೇ ಎಂದು ಕೇಳಿದ್ದಕ್ಕೆ ಅಪ್ಪ ನಕ್ಕ. "ಮುಂಜಾನಿ ಹೇಳಿದ್ದನ್ನ ಸಂಜಿಕೂ ಹೇಳ್ತಾರ. ಅವರ ಸರ್, ಅದ ಪುಸ್ತಕ. ಎರಡೆರಡ ಸಲ ಯಾಕ ಕೇಳ್ತಿ?" ಪಾಪ, ಅಪ್ಪ ಲೋಕವನ್ನು ತನ್ನ ಹಾಗೇ ಅಂದುಕೊಂಡಿದ್ದ.

ಪರೀಕ್ಷೆಯ ದಿನ ದೊಡ್ಡ ಅಂಕದ ಇಂಟಿಗ್ರೇಶನ್ ಲೆಕ್ಕ ಮಾಡಿದೆ. ಒಂದು ಪುಟ ತುಂಬಿತು. ಕೊನೆಗೆ ತಾಳೆ ನೋಡಿದರೆ ಉತ್ತರ ಕೂಡಲಿಲ್ಲ. ಮೇಲೆಲ್ಲೋ ಒಂದು ಮೈನಸ್ಸು ಬಿಟ್ಟಿದ್ದೆ. ಕೈ ತಡೆಯಲಿಲ್ಲ. ಮೂಲೆಯಿಂದ ಮೂಲೆಗೆ ಗೀಟು ಎಳೆದು ಇಡೀ ಪುಟಕ್ಕೆ ಕಾಟು ಹೊಡೆದು ಮೊದಲಿನಿಂದ ಶುರು ಮಾಡಿದೆ. ಅದರ ಮುಂದಿನ ಲೆಕ್ಕದಲ್ಲೂ ಹೀಗೇ ಆಯಿತು, ಅದಕ್ಕೂ ಕಾಟು. ಎರಡನ್ನೂ ಮತ್ತೆ ಬರೆಯುತ್ತಿದ್ದಾಗ ಬೆಲ್ ಹೊಡೆಯಿತು. ನನಗೆ ಬಂದೇ ಬರುತ್ತಿದ್ದ ಸಣ್ಣ ಲೆಕ್ಕಗಳು ಮುಟ್ಟದೆ ಹಾಗೇ ಉಳಿದಿದ್ದವು.

ಬೇರೆಲ್ಲ ವಿಷಯಗಳಲ್ಲಿ ಪಾಸಾದೆ. ಗಣಿತದಲ್ಲಿ ಮೂರು ಅಂಕ ಕಡಿಮೆ ಬಿತ್ತು. ಅಂಕ ಎಣಿಸುವಾಗ ಪೇಪರ್ ನೋಡಿದವರೇ ತಪ್ಪಿರಬಹುದೆಂಬ ಆಸೆಗೆ ಅವ್ವನಿಗೆ ಗಂಟುಬಿದ್ದು ಉತ್ತರಪತ್ರಿಕೆಯ ಝೆರಾಕ್ಸ್ ತರಿಸಿದೆ. ಎಣಿಕೆ ಸರಿಯಾಗಿಯೇ ಇತ್ತು. ಅದನ್ನು ಹಿಡಿದುಕೊಂಡು ಸರ್ ಮನೆಗೆ ಹೋದೆ. ಮತ್ತೊಮ್ಮೆ ಕೂರಿಸಿ ಎಂದು ಅವರು ಅಪ್ಪನಿಗೆ ಹೇಳಿದರೆ ಅಪ್ಪ ಇಲ್ಲ ಎನ್ನುತ್ತಿರಲಿಲ್ಲ. ಮಾಸ್ತರರ ಮಾತೆಂದರೆ ಅವನಿಗೆ ಅಷ್ಟು ಗೌರವ.

ಪಡಸಾಲೆಯಲ್ಲಿ ಹೊಸ ಬ್ಯಾಚಿನ ಹುಡುಗರು ಹುಡುಗಿಯರು ಜಮಖಾನೆಯ ಮೇಲೆ ಕೂತಿದ್ದರು. ಸರ್ ಪುಟ ತಿರುವುತ್ತ ಕಾಟು ಹೊಡೆದಲ್ಲಿ ನಿಂತರು. "ಅಲ್ಲವಾ, ಇದನ್ನ ಯಾಕ ಕಾಟ್ ಹೊಡದಿ?"

"ಮೈನಸ್ ತಪ್ಪಿತ್ರಿ ಸರ್."

"ತಪ್ಪಿದ್ರ ತಪ್ಪಲಿ. ಸ್ಟೆಪ್ಪಿಗೆ ಮಾರ್ಕ್ಸ್ ಕೊಡ್ತಾರ. ಒಂದೋ ಎರಡೋ ಹೋಗತಿದ್ದೂ ಅಷ್ಟ. ಕಾಟ್ ಹೊಡದಿದ್ದನ್ನ ಯಾರೂ ನೋಡೂದಿಲ್ಲ. ಮತ್ತೊಮ್ಮೆ ಬರದದ್ದು ಪೂರಾ ಆಗೂತನಕ ಮೊದಲಿಂದಕ್ಕ ಕಾಟ್ ಹೊಡೀಬಾರದು. ಇಲ್ಲಿ ಎಲ್ಲಾರಿಗೂ ಹೇಳಿರ್ತೇನಲ್ಲ."

ಇಲ್ಲಿ. ಕಾಲೇಜಿನಲ್ಲಿ ವರ್ಷವಿಡೀ ಮೊದಲ ಬೆಂಚಿನಲ್ಲಿ ಕೂತು ಅವರು ಕೆಮ್ಮಿದ್ದನ್ನೂ ಬಿಡದೆ ಬರೆದುಕೊಂಡಿದ್ದೆ. ಒಂದು ದಿನವೂ ಈ ಮಾತು ಅವರ ಬಾಯಿಂದ ಬಂದಿರಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆದರೂ ನುಂಗಿಕೊಂಡು, ಅಪ್ಪನಿಗೆ ನಾಲ್ಕು ಮಾತು ಹೇಳಿ ಎಂದು ಬೇಡಿಕೊಂಡೆ. ಗರಜು ನನ್ನದಾಗಿತ್ತು.

"ಬರ್ತೇನಿ, ಈ ವಾರದಾಗ ಬರ್ತೇನಿ. ಇದು ಇಲ್ಲೇ ಇರಲಿ" ಎಂದು ಅವರು ಝೆರಾಕ್ಸನ್ನು ಎತ್ತಿ ಹಿಡಿದು ಬ್ಯಾಚಿಗೆ ತೋರಿಸಿದರು. "ನೋಡ್ರಿಲ್ಲೆ, ಹಿಂಗ ಮಾಡಬಾರದು." ಯಾರೋ ಕಿಸಕ್ಕೆಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಂದೆ.

ಅವರು ಬರಲಿಲ್ಲ. ಸಪ್ಲಿಮೆಂಟರಿಗೆ ಅರ್ಜಿ ತುಂಬುವ ದಿನ ಮುಗಿಯುವವರೆಗೆ ಬಾಗಿಲ ಕಡೆ ಕಿವಿಯಿಟ್ಟು ನೂಲು ಸುತ್ತಿದೆ. ಪರೀಕ್ಷೆಯಲ್ಲಿ ಏನಾಯಿತೆಂದು ಅಪ್ಪನಿಗೆ ನಾನೇ ಹೇಳಿದಾಗ, ಅವನು ಲಾಳಿ ನಿಲ್ಲಿಸಿ ಕೇಳಿ, "ತಪ್ಪ ಕಂಡ ಮ್ಯಾಲೆ ಬಿಚ್ಚಬೇಕಲ್ಲ, ಮತ್ತೇನ ಮಾಡಬೇಕಿತ್ತು?" ಎಂದ. ನನ್ನ ಪರವಾಗಿ ಯಾರಾದರೂ ಆಡಿದ ಮಾತೆಂದರೆ ಅದೊಂದೇ. ಅದರಿಂದ ನನಗೆ ಮೂರು ಅಂಕ ಸಿಗಲಿಲ್ಲ, ಜಮಖಂಡಿಗೆ ಹೋಗಲು ಅಪ್ಪಣೆಯೂ ಸಿಗಲಿಲ್ಲ.

ಮದುವೆಯಾಗಿ ಈಗ ರಬಕವಿಯಲ್ಲಿದ್ದೇನೆ. ಪಕ್ಕದ ಮನೆಯ ಹುಡುಗಿ ಅದೇ ಸರ್ ಹತ್ತಿರ ಟ್ಯೂಷನ್ನಿಗೆ ಹೋಗುತ್ತಿದ್ದಳು. ಈ ಸಲ ಗಣಿತದಲ್ಲಿ ಭರ್ಜರಿ ಅಂಕ ತೆಗೆದು ಪೇಢೆ ಹಿಡಿದುಕೊಂಡು ಬಂದಳು. ಪರೀಕ್ಷೆಯಲ್ಲಿ ಒಂದು ಲೆಕ್ಕ ತಪ್ಪಿತ್ತಂತೆ, ಆದರೂ ಅಂಕ ಬಂತಂತೆ.

"ತಪ್ಪಾದ್ರೂ ಕಾಟ್ ಹೊಡೀಬಾರದ್ರಿ ಆಂಟಿ. ಸರ್ ಒಂದ ಹಳೇ ಪೇಪರ್ ತೋರಸ್ತಾರ. ಯಾವಾಕಿನೋ ಇಡೀ ಪುಟಕ್ಕ ಕಾಟ್ ಹೊಡದಾಳ. ನಾವೆಲ್ಲಾ ನಕ್ಕಿದ್ದ ನಕ್ಕಿದ್ದು."

ಪೇಢೆ ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಇಟ್ಟುಕೊಂಡೆ. "ಆಕಿ ಮುಂದ ಏನಾದ್ಲಂತ?"

"ಅದನ್ನೇನ ಹೇಳಿಲ್ರಿ ಸರ್" ಎಂದಳು. "ನಾವೂ ಕೇಳಲಿಲ್ಲ."