ಸೂಜಿಯಕ್ಕ ಓದಿದ ಓವನ್

ತಾನು ಕೆಲಸಕ್ಕಿದ್ದ ಮೀಟರ್ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಸೂಜಿಯಕ್ಕ ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡಳು. ತಯಾರಕರು ಕೈಬಿಟ್ಟ ಯಂತ್ರಗಳ ಬೋರ್ಡಿಗೆ ಸೂಜಿ ಊರಿ, ಅದರ ಮೇಲಿನ ಎಲೆಕ್ಟ್ರಾನಿಕ್ ಚಿಪ್ಪಿನ ಹೊಟ್ಟೆಯಲ್ಲಿ ಏನಿದೆ ಎಂದು ಓದುವುದು ಅವಳ ಕಸುಬು. ಅಡ್ಡಹೆಸರು ಬಂದದ್ದೂ ಅದರಿಂದಲೇ. ಹಳೆಯ ಲ್ಯಾಪ್‌ಟಾಪ್, ಬೆರಳುದ್ದದ ಅಡಾಪ್ಟರ್, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ, ಅವಳ ಸರಂಜಾಮು ಇಷ್ಟೇ. ಮಾತಿನಲ್ಲಿ ಮಹಾ ಜಿಪುಣಿ. ಕಣ್ಣಾರೆ ಕಾಣದ್ದನ್ನು ಹೇಳುವವಳಲ್ಲ.

ಬೇಕರಿ ನಡೆಸುವ ಅವಳ ಭಾವ, ಅಂದರೆ ಅಕ್ಕನ ಗಂಡ, ಕಂಡಾಗಲೆಲ್ಲ ಅವಳನ್ನು "ನಮ್ಮ ಡಾಕ್ಟ್ರಮ್ಮ" ಎಂದು ಛೇಡಿಸುತ್ತಿದ್ದರು. ಓವನ್ನಿನ ಕಂಟ್ರೋಲ್ ಬೋರ್ಡನ್ನು ಪರದೆ, ಗುಂಡಿಗಳ ಸಮೇತ ಕಳಚಿಕೊಂಡು, ಮಗಳೊಂದಿಗೆ ಬಂದ ದಿನ ಮಾತ್ರ ಛೇಡಿಸಲಿಲ್ಲ. ಎರಡು ತಿಂಗಳಿಂದ ಬ್ರೆಡ್ಡು ಒಂದು ದಿನ ಸೀದು ಹೋದರೆ ಇನ್ನೊಂದು ದಿನ ಹಸಿ. ಇಪ್ಪತ್ತು ವರ್ಷದ ಹಿಂದೆ, ಓವನ್ ತಂದ ಹೊಸದರಲ್ಲಿ, ಮೂರು ದಿನ ಕೂತು ತಾವು ಹೊಂದಿಸಿಟ್ಟ ಗಂಟೆ ಹೊಡೆಯುವ ಸಮಯವನ್ನೆಲ್ಲ ಅದು ಮರೆತಿದೆ ಎಂಬುದು ಅವರ ವಾದ. ಜ್ವರ ಬಂದು ಹೋದಾಗಿನಿಂದ ಅಪ್ಪನ ಮೂಗಿಗೆ ವಾಸನೆಯೇ ಹತ್ತುತ್ತಿಲ್ಲ, ಕೆಟ್ಟಿರುವುದು ಓವನ್ ಅಲ್ಲ ಎಂಬುದು ಮಗಳ ವಾದ. ಇದೇ ವಿಷಯಕ್ಕೆ ಅಪ್ಪ ಮಗಳು ಎಂಟು ದಿನದಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಓವನ್ ಕೆಟ್ಟಿದ್ದರೆ ಸರಿ, ರಿಪೇರಿಯಾಗುತ್ತದೆ. ಕೆಟ್ಟಿರದಿದ್ದರೆ ಭಾವನಿಗೆ ಬೇಕರಿಯಲ್ಲಿ ಇನ್ನೇನು ಕೆಲಸ?

ಓವನ್ ಮಾಡಿದ ಕಂಪನಿ ಮುಚ್ಚಿ ವರ್ಷಗಳಾಗಿದ್ದವು. ಬೋರ್ಡಿನ ಮೂಲೆಯಲ್ಲಿ ಹೆಸರಿಲ್ಲದ ಐದು ತಾಮ್ರದ ಚುಕ್ಕೆಗಳಿದ್ದವು. ಚಿಪ್ಪಿನೊಳಗೆ ಇಣುಕಲು ತಯಾರಕರು ಬಿಟ್ಟುಕೊಂಡ ಕಿಂಡಿ ಅದು. ಯಾವ ಚುಕ್ಕೆ ಯಾವುದೆಂದು ಹುಡುಕಿ, ತಂತ್ರಾಂಶಕ್ಕೆ ಆ ಚಿಪ್ಪಿನ ಪರಿಚಯ ಮಾಡಿಕೊಡುವ ಕಾನ್ಫಿಗ್ ಫೈಲನ್ನು ಸೂಜಿಯಕ್ಕ ತಾನೇ ಬರೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಆದರೂ ಚಿಪ್ಪು ತುಟಿ ಪಿಟಕ್ಕೆನ್ನಲಿಲ್ಲ. ಕರೆಂಟು ಕೊಟ್ಟ ತಕ್ಷಣ ಅದರೊಳಗಿನ ಪ್ರೋಗ್ರಾಂ ಕಿಂಡಿಯನ್ನೇ ಮುಚ್ಚಿಕೊಳ್ಳುತ್ತಿದೆ ಎಂದು ಅವಳಿಗೆ ಹೊಳೆಯಿತು. ಚಿಪ್ಪು ಏಳುವ ಮೊದಲೇ ಹಿಡಿಯಬೇಕು. ಮಗಳ ಕೈಗೊಂದು ಸೂಜಿ ಕೊಟ್ಟು ಚಿಪ್ಪನ್ನು ಏಳಗೊಡದೆ ತಡೆಯುವ ರೀಸೆಟ್ ಕಾಲನ್ನು, ಅಂದರೆ ಆ ಪಿನ್ನನ್ನು, ಒತ್ತಿ ಹಿಡಿಯಲು ಹೇಳಿದಳು. ಮೂರನೆಯ ಸಲಕ್ಕೆ ಸಿಕ್ಕಿತು.

ಚಿಪ್ಪಿನೊಳಗೆ ಸಮಯ ಬರೆದಿಡುವ ಜಾಗ ಪೂರ್ತಿ ಖಾಲಿ. ಸೂಜಿ ಜಾರಿದ್ದರೂ ಹೀಗೆಯೇ ಕಾಣುತ್ತದೆಂದು ಪಕ್ಕದ ಜಾಗ ಓದಿದಳು. ಅಲ್ಲಿ ಪ್ರೋಗ್ರಾಂ ಅಚ್ಚುಕಟ್ಟಾಗಿತ್ತು. ಆಮೇಲೆ ಭಾವನಿಂದಲೇ ಸೇವ್ ಗುಂಡಿ ಒತ್ತಿಸಿ, ಪ್ರೋಗ್ರಾಂ ಒಂದೊಂದೇ ಹೆಜ್ಜೆ ಇಡುವುದನ್ನು ನೋಡಿದಳು. ಅದು ಪರದೆಯ ಮೇಲೆ 'ಸೇವ್ ಆಯಿತು' ಎಂದು ತೋರಿಸಿ ಹಾಗೆಯೇ ಹಿಂದಿರುಗುತ್ತಿತ್ತು. ಬರೆಯುವ ಹೆಜ್ಜೆಯೇ ಅದರಲ್ಲಿರಲಿಲ್ಲ. ಇಪ್ಪತ್ತು ವರ್ಷವೂ ಓವನ್, ಕಂಪನಿಯವರು ಮೊದಲೇ ಇಟ್ಟ ಸಮಯಕ್ಕೇ ಗಂಟೆ ಹೊಡೆದಿತ್ತು. ಅಂದರೆ ಈ ಎರಡು ತಿಂಗಳಲ್ಲಿ ಬದಲಾಗಿದ್ದು ಓವನ್ ಅಲ್ಲ. ಅವಳಿಗೆ ಸಂಕಟವಾಯಿತು. ಸುಳ್ಳು ಹೇಳಿಬಿಡೋಣವೆಂದು ಒಂದು ಕ್ಷಣ ಅನ್ನಿಸಿತು ಕೂಡ.

"ಓವನ್ ಏನೂ ಮರ್ತಿಲ್ಲ ಭಾವ. ನೀವು ಹೇಳಿಕೊಟ್ಟಿದ್ದು ಒಂದಿನಾನೂ ಅದರೊಳಗೆ ಹೋಗೇ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ?"

"ಗಂಟೆಗೆ ನೀವು ಯಾವತ್ತು ಕಾದಿದ್ದೀರಿ ಅಪ್ಪ?" ಎಂದಳು ಮಗಳು. "ಘಮ ಬಂತು ಅಂತ ಬಾಗಿಲು ತೆಗೀತಿದ್ರಿ."

ಸೂಜಿಯಕ್ಕ ಬೋರ್ಡಿನಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಳು. ಭಾವ ಎದ್ದು ಮಗಳ ಕಡೆ ತಿರುಗಿದರು.

"ನಾಳೆಯಿಂದ ಬಾಗಿಲು ನೀನೇ ತೆಗಿ," ಎಂದರು. "ಆ ಘಮ ಹೇಗಿರತ್ತೆ ಅಂತ ನಾನು ಹೇಳ್ತೀನಿ."