ಅವ್ವನ ಸೀರೆಗೆ ಹಾಕದ ಕತ್ತರಿ

ಕತ್ತರಿಗೆ ಸಾಣೆ ಹಿಡಿಸಿದ್ದು ಒಂದು ಸಲವಲ್ಲ, ಎರಡು ಸಲ. ಎರಡನೆಯ ಸಲ ಸಾಣೆಯವನು ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, ‘ಅಕ್ಕಾರ, ಇದರಲೆ ಏನೂ ಕತ್ತರಿಸೇ ಇಲ್ಲಲ್ರಿ ನೀವು’ ಅಂದ. ಕಳವು ಮಾಡಿ ಸಿಕ್ಕಿಬಿದ್ದಂತಾಯಿತು ನನಗೆ.

ಕತ್ತರಿಸಬೇಕಾಗಿದ್ದದ್ದು ಅವ್ವನ ಇಳಕಲ್ ಸೀರೆ. ಅವ್ವ ಹೋದ ಮೇಲೆ ಅವಳ ಸೀರೆಗಳು ಅವರಿವರ ಪಾಲಾಗಿ ಉಳಿದದ್ದು ಇದೊಂದೇ. ಲಕ್ಷ್ಮೇಶ್ವರದಲ್ಲಿರುವ ನನ್ನ ತಂಗಿ ತನ್ನ ಬಸುರಿ ಮಗಳ ಕುಬಸದ ದಿನ ಅದನ್ನು ನನ್ನ ಚೀಲಕ್ಕೆ ತುರುಕಿದಳು.

‘ಕೂಸಿನ ಕೌದಿ ನೀನ ಹೊಲಿಬೇಕು ನೋಡಕ್ಕಾ. ತೊಟ್ಟಿಲದಾಗ ಹಾಕೋ ದಿನ ಅದು ಅವ್ವನ ಉಡಿಯಾಗ ಮಲಗಿದಂಗ ಆಗಬೇಕು. ಕಾನ್ವೆಂಟಿನ್ಯಾಗ ಹೊಲಿಗಿ ಕಲತಾಕಿ ನೀನು. ನನಗ ಗುಂಡಿ ಹಚ್ಚಾಕೂ ಬರಂಗಿಲ್ಲ.’

ಎಳೆಗೂಸಿಗೆ ಹಾಸುವ ಕೌದಿಗೆ ಹೊಸ ಬಟ್ಟೆ ನಡೆಯುವುದಿಲ್ಲ. ಮನೆಯವರು ಉಟ್ಟು ತೊಟ್ಟು ಮೆತ್ತಗಾದ ಬಟ್ಟೆಯೇ ಬೇಕು. ಕೆಟ್ಟರೆ ಅಂಗಡಿಗೆ ಹೋಗಿ ಇನ್ನೊಂದು ತರುತ್ತೇನೆ ಎನ್ನುವಂತಿಲ್ಲ. ಒಂದೇ ಸೀರೆ, ಒಂದೇ ಸಲ.

ಗದಗಕ್ಕೆ ಬಂದವಳು ಮೊದಲು ಸೀರೆಯನ್ನು ಇಸ್ತ್ರಿ ಮಾಡಿದೆ. ಆಮೇಲೆ ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆದೆ. ನಡುವೆ ಕೆಂಪು ಸೆರಗು, ಸುತ್ತಲೂ ನಮ್ಮವರ ಹಳೆಯ ಬಿಳಿ ಧೋತರದ ತುಂಡು. ಮರುದಿನ ಅದು ಬೋಳು ಬೋಳಾಗಿ ಕಂಡಿತು. ಇನ್ನೊಂದು ಬರೆದೆ. ದಾರ ತರಲು ಪೇಟೆಗೆ ಹೋದೆ, ಕೆಂಪು ಹೊಂದಲಿಲ್ಲವೆಂದು ಮತ್ತೆ ಹೋದೆ. ಮಧ್ಯಾಹ್ನ ಎಲ್ಲಾ ಕೆಲಸ ಮುಗಿಸಿ ಸೀರೆ ಹಾಸಿಕೊಂಡು ಕೂತರೆ, ಒಲೆಯ ಹಿಂದಿನ ಗೋಡೆಗೆ ಜಿಡ್ಡು ಹತ್ತಿದ್ದು ಆಗಲೇ ಕಣ್ಣಿಗೆ ಬೀಳಬೇಕೆ! ಎದ್ದು ಅದನ್ನು ತಿಕ್ಕುತ್ತಿದ್ದೆ. ಆ ಎರಡು ತಿಂಗಳು ಇದ್ದಷ್ಟು ಸ್ವಚ್ಛ ನಮ್ಮ ಮನೆ ಮತ್ತೆ ಯಾವತ್ತೂ ಇರಲಿಲ್ಲ.

‘ಎಲ್ಲಿಗೆ ಬಂತು ನಿನ್ನ ಕೌದಿ?’ ಅಂತ ನಮ್ಮವರು ಊಟಕ್ಕೆ ಕೂತಾಗಲೆಲ್ಲ ಕೇಳುವರು. ನಾನು ನಕ್ಷೆ ತೋರಿಸುವೆ. ‘ಭಾರಿ ಐತಿ. ಕೂಸಿನ ಲಗ್ನಕ್ಕರ ಮುಗಿತೈತಿಲ್ಲೋ?’

ನಗುತ್ತಿದ್ದೆ. ಒಳಗೆ ಮಾತ್ರ ಬೇರೆಯೇ ಒಂದು ನಡೆದಿರುತ್ತಿತ್ತು. ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಕರವಸ್ತ್ರಗಳನ್ನು ಮೊದಲು ಮಗುಚಿ ನೋಡುತ್ತಿದ್ದರು. ಮುಂದಿನ ಹೂವನ್ನಲ್ಲ, ಹಿಂದಿನ ಗಂಟನ್ನು. ಒಂದು ಗಂಟು ಕಂಡರೂ ಸಿಟ್ಟಿಲ್ಲ, ಬೈಗುಳವಿಲ್ಲ. ಸಣ್ಣ ಕತ್ತರಿಯ ತುದಿಯಿಂದ ಮೆಲ್ಲಗೆ ಎಲ್ಲವನ್ನೂ ಬಿಚ್ಚಿ, ತೂತು ತೂತಾದ ಬಟ್ಟೆಯನ್ನು ನಗುತ್ತಲೇ ಕೈಗೆ ಕೊಡುತ್ತಿದ್ದರು. ಒಳ್ಳೆಯವರು ಅವರು, ಜ್ವರ ಬಂದಾಗ ನನ್ನ ತಲೆ ಒತ್ತಿದವರು. ಆದರೂ ಐವತ್ತು ದಾಟಿದ ನಾನು ಬಟ್ಟೆಗೆ ಸೂಜಿ ತಾಗಿಸುವ ಮೊದಲು ಅದರ ಹಿಂದಿನ ಮಗ್ಗಲನ್ನೇ ನೆನೆಯುತ್ತೇನೆ.

ಕೂಸು ಹುಟ್ಟಿತು. ಹೆಣ್ಣು. ತೊಟ್ಟಿಲ ಕಾರ್ಯ ತಿಂಗಳೊಪ್ಪತ್ತಿಗೆ ಎಂದು ಗೊತ್ತಾಯಿತು. ತಂಗಿ ಫೋನಿನಲ್ಲಿ ‘ಕೌದಿ?’ ಅಂದಾಗ ‘ನಡದೈತಿ’ ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

ಎಂಟು ದಿನ ಉಳಿದಾಗ ಧೋತರದ ಪದರಗಳನ್ನು ಹಾಸಿ ಹೊಲಿಯತೊಡಗಿದೆ. ಕಲಿತ ಹಾಗೆ ಸರಿಯಾಗಿ ನಡುವಿನಿಂದ ಶುರುಮಾಡಿದೆ. ಸಂಜೆಯ ಹೊತ್ತಿಗೆ ನಡುವೆ ಗಟ್ಟಿಯಾಗಿ, ಅಂಚೆಲ್ಲ ಹಪ್ಪಳದಂತೆ ಎದ್ದು ನಿಂತಿತು. ಬಿಚ್ಚಿದೆ. ಮರುದಿನ ಮತ್ತೆ ಹೊಲಿದೆ, ಮತ್ತೆ ಬಿಚ್ಚಿದೆ. ಸೀರೆ ಮಾತ್ರ ಮಡಿಕೆಯಲ್ಲೇ ಇತ್ತು.

ಪಕ್ಕದ ಮನೆಗೆ ಡೋಣಿ ಎಂಬ ಹಳ್ಳಿಯಿಂದ ಮಗಳನ್ನು ನೋಡಲು ಬಂದಿದ್ದ ಅಜ್ಜಿಯೊಬ್ಬರು ಹೆಪ್ಪಿಗೆಂದು ಮಜ್ಜಿಗೆ ಕೇಳಲು ಬಂದು ಬಾಗಿಲಲ್ಲೇ ನಿಂತರು. ವರ್ಷಗಟ್ಟಲೆ ಮನೆಮನೆಗೆ ಹೋಗಿ ಕೌದಿ ಹೊಲಿದುಕೊಟ್ಟ ಕೈ ಅವರದು.

‘ಏನಬೇ ಇದು? ನಡುವಿಂದ ಯಾರರ ಹಚ್ಚತಾರ? ದಂಡಿಯಿಂದ ಬಾ, ದಂಡಿಯಿಂದ. ಸುತ್ತಾ ತಿರುಗಕೋತ ನಡುವಿಗೆ ತಾನ ಬಂದು ಮುಟ್ಟತೀ.’

‘ಅಜ್ಜಿ, ಕೆಟ್ಟರ ಏನ ಮಾಡಲಿ? ಅವ್ವನ ಸೀರಿ, ಇದೊಂದೇ ಐತಿ.’

ಅವರು ಕೂತು ಸೀರೆ ಬಿಡಿಸಿದರು. ಬೆರಳು ಒಂದು ಕಡೆ ನಿಂತಿತು. ಒಲೆಯ ಕಿಡಿ ಸಿಡಿದು ತೂತಾಗಿದ್ದ ಜಾಗ. ಅವ್ವ ಸಿಕ್ಕ ದಾರದಲ್ಲಿ, ನೀಲಿಯಲ್ಲಿ, ತೇಪೆ ಹಾಕಿದ್ದಳು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಇಸ್ತ್ರಿ ಮಾಡುವಾಗ ನಾನದನ್ನು ನೋಡಿದ್ದೆ. ನಕ್ಷೆಯಲ್ಲಿ ಕಾಣದ ಹಾಗೆ ಒಳಗಿನ ಪದರಕ್ಕೆ ಹಾಕಿದ್ದೆ.

‘ನಿಮ್ಮವ್ವನ ಕೈ ಭಾಳ ಸೊಟ್ಟ ಬಿಡು’ ಎಂದು ಅಜ್ಜಿ ನಕ್ಕರು. ‘ಉಟ್ಟಾಳಿಲ್ಲೋ ಮತ್ತ?’

ಉಟ್ಟಿದ್ದಳು. ಅದೇ ತೇಪೆಯ ಸೀರೆ ಉಟ್ಟು ನಮ್ಮ ಶಾಲೆಗೂ ಬಂದಿದ್ದಳು.

ನಾನು ಕತ್ತರಿಗೆ ಕೈ ಚಾಚಿದೆ. ‘ಅದ್ಯಾಕ?’ ಎಂದವರೇ ಅಜ್ಜಿ ಅಂಚನ್ನು ಹಲ್ಲಿನಿಂದ ಕಚ್ಚಿ ಸೀಳಿ, ಒಂದು ತುದಿ ನನ್ನ ಕೈಗೆ ಕೊಟ್ಟರು. ‘ಹಿಡಿ. ಕಣ್ಣ ಮುಚ್ಚಬ್ಯಾಡ.’

ಪರ್‍ರೆಂದಿತು. ಎರಡನೆಯ ಸೀಳಿಗೆ ನಾನೇ ಎಳೆದೆ.

ಉಳಿದದ್ದು ಐದು ದಿನ. ಅಡುಗೆ ಒಂದೇ ಹೊತ್ತಿಗೆ ಬಂತು; ಸಂಜೆಗೂ ಬೆಳಗಿನದೇ ಸಾರು. ನಮ್ಮವರು ನಕ್ಷೆಯನ್ನು ಮಡಚಿ ಅಲುಗುವ ಟೇಬಲ್ಲಿನ ಕಾಲಿಗೆ ಇಟ್ಟರು. ದಂಡೆಯಿಂದ ಹೊಲಿಯುತ್ತ ಬಂದೆ. ಸುತ್ತಿದಷ್ಟೂ ನಡುವು ದೂರವೇ. ಕಾರ್ಯದ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊಲಿದೆ. ಬಸ್ಸು ಕುಲುಕಿದಾಗಲೆಲ್ಲ ಹೊಲಿಗೆ ಅಡ್ಡ ಹೋಯಿತು. ಬಿಚ್ಚುವಷ್ಟು ಹೊತ್ತಿರಲಿಲ್ಲ. ಲಕ್ಷ್ಮೇಶ್ವರ ಬಂದಾಗಲೂ ನಡುವಿನ ತುಂಡು, ಅವ್ವನ ತೇಪೆಯದು, ಮೂರು ಮಗ್ಗಲು ಕೂತು ಒಂದು ಮಗ್ಗಲು ಬಾಯಿ ಬಿಟ್ಟುಕೊಂಡಿತ್ತು.

‘ಮುಗಿದಿಲ್ಲ’ ಎಂದೆ ತಂಗಿಗೆ. ‘ನಡದೈತಿ ಅಂತ ಸುಳ್ಳ ಹೇಳಿದ್ದೆ.’

ಅವಳು ಕೇಳಿಸಿಕೊಂಡಳೋ ಇಲ್ಲವೋ. ನೀಲಿ ದಾರದ ಮೇಲೆ ಬೆರಳಿಟ್ಟು ಕೂತುಬಿಟ್ಟಳು. ‘ಅಕ್ಕಾ, ಇದು ಅವ್ವಂದು. ಅವತ್ತು ಕಿಡಿ ಸಿಡಿದಾಗ ನಾ ಮಗ್ಗಲದಾಗ ಇದ್ದೆ.’ ಎದ್ದು ಕೌದಿಯನ್ನು ಹಾಗೇ ತೊಟ್ಟಿಲಲ್ಲಿ ಹಾಸಿದಳು.

ಹೆಸರಿಟ್ಟು ಇನ್ನೂ ಆರತಿ ಎತ್ತಿರಲಿಲ್ಲ, ಕೂಸು ಕೌದಿಯನ್ನು ಒದ್ದೆ ಮಾಡಿತು.

‘ಬೋಣಿಗಿ ಆತು ನೋಡಕ್ಕಾ!’ ತಂಗಿ ಕಣ್ಣೊರೆಸಿಕೊಂಡು ನಕ್ಕಳು.

ನಾನೇ ಒಗೆದು ಹಿಂಡಿ ಅಂಗಳದ ತಂತಿಗೆ ಹಾಕಿದೆ. ಸೆರಗಿನ ಕೆಂಪು ಬಿಳಿಯ ಧೋತರಕ್ಕೆ ತುಸು ಇಳಿದಿತ್ತು. ತಂತಿಯ ಮೇಲೆ ಹಿಂದಿನ ಮಗ್ಗಲು ಬೀದಿಗೆ ಮುಖ ಮಾಡಿತ್ತು, ಗಂಟುಗಳೆಲ್ಲ ಬಿಸಿಲಿಗೆ ಎದ್ದು ಕಾಣುತ್ತಿದ್ದವು. ಹೋಗಿಬರುವವರು ನೋಡುತ್ತಿದ್ದರು. ತಿರುವಿ ಹಾಕೋಣವೆಂದು ಎದ್ದೆ, ಕೂತೆ, ಮತ್ತೆ ಎದ್ದೆ. ಕೊನೆಗೆ ಅದು ಪೂರ್ತಿ ಒಣಗುವ ಮೊದಲೇ ನಡುವಿನ ತುಂಡಿನ ಬಾಯಿ ಬಿಟ್ಟ ಆ ಒಂದು ಮಗ್ಗಲನ್ನು ತಂತಿಯ ಮೇಲಿದ್ದಂತೆಯೇ ಕೈಗೆ ಎಳೆದುಕೊಂಡು, ಸೂಜಿ ಚುಚ್ಚಿದೆ.