ಚಿನ್ನದ ಅಕ್ಷರ ಒತ್ತುವ ಮುಂಚೆ

ಅತ್ತಿಗುಪ್ಪೆಯ ನನ್ನ ಬೈಂಡಿಂಗ್ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಪಿಎಚ್‌ಡಿ ಪ್ರಬಂಧದ ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಒತ್ತುವ ಮುಂಚೆ ಮುಖಪುಟ, ಗೈಡ್ ಕೊಟ್ಟ ಸರ್ಟಿಫಿಕೇಟು, ಘೋಷಣೆಯ ಪುಟ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡ್ತೀನಿ. ಒತ್ತಿದ ಮೇಲೆ ಅಳಿಸೋಕಾಗಲ್ಲ, ರಟ್ಟು ದಂಡ.

ಹೋದ ವರ್ಷ ವಿಜಯಪುರದ ಕಡೆಯ ಹೆಣ್ಣುಮಗಳೊಬ್ಬಳು ಇಂಗ್ಲಿಷ್ ಪ್ರಬಂಧ ತಂದಳು. ಮಾರನೇ ದಿನ ಸಂಜೆ ಐದರೊಳಗೆ ಸಲ್ಲಿಸದಿದ್ದರೆ ಆರು ತಿಂಗಳು ಕಾಯಬೇಕು. ನೋಡಿದರೆ ಒಂದೇ ಶೀರ್ಷಿಕೆ ಮೂರು ಥರ! ಒಂದರಲ್ಲಿ ಎಲ್ಲ ಕ್ಯಾಪಿಟಲ್, ಇನ್ನೊಂದರಲ್ಲಿ ನಡುವೆ ಕೋಲನ್, ಮತ್ತೊಂದರಲ್ಲಿ ಊರಿನ ಸ್ಪೆಲ್ಲಿಂಗೇ ಬೇರೆ.

"ಯಾವುದಮ್ಮ ಒತ್ತಲಿ?" ಅಂದೆ.

"ನೀವು ಬೈಂಡ್ ಮಾಡ್ರೀ ಅಣ್ಣಾರ. ತಪ್ಪು ಹುಡುಕಾಕ ನಮ್ ಗೈಡ್ ಅದಾರ."

"ಅವರು ಹುಡುಕಿದ್ದಿದ್ರೆ ನಾನ್ಯಾಕೆ ಕೇಳ್ತಿದ್ದೆ? ಯಾವುದು ಸರಿ ಅಂತ ನಂಗೊತ್ತಿಲ್ಲ. ಹೀಗೇ ಕೊಟ್ರೆ ಯುನಿವರ್ಸಿಟಿ ಕೌಂಟರಿನೋರು ವಾಪಸ್ ಕಳಿಸ್ತಾರೆ, ಅದು ಗೊತ್ತು. ಅವರು ಕೊಟ್ಟ ರಿಜಿಸ್ಟ್ರೇಷನ್ ಲೆಟರ್ ಇದ್ಯಾ?"

ಸಿಟ್ಟಿನಲ್ಲೇ ತೆಗೆದಳು. ಅದರಲ್ಲಿ ನಾಲ್ಕನೇ ಥರ ಇತ್ತು. ಇಬ್ಬರೂ ನಕ್ಕುಬಿಟ್ಟೆವು.

"ಯುನಿವರ್ಸಿಟಿ ಬರೆದಿದ್ದನ್ನೇ ಹಿಡ್ಕೋ ತಾಯಿ. ಅದನ್ನ ಅವರೇ ತಪ್ಪು ಅನ್ನೋಕಾಗಲ್ಲ."

ನನ್ನ ಕಂಪ್ಯೂಟರಿನಲ್ಲೇ ಕೂತು ಮೂರು ಪುಟಗಳನ್ನೂ ಒಂದೇ ಥರ ಮಾಡಿದಳು, ಗೈಡ್ ಹತ್ತಿರ ಓಡಿ ಹೊಸದಾಗಿ ಸಹಿ ಹಾಕಿಸಿಕೊಂಡು ಬಂದಳು. ಮಾರನೇ ದಿನ ಐದಕ್ಕೆ ಹತ್ತು ನಿಮಿಷ ಇರುವಾಗ ಫೋನು: "ತಗೊಂಡ್ರು ಅಣ್ಣಾರ!"

ಈಗ ಆ ಗೈಡೇ ತಮ್ಮ ಉಳಿದ ವಿದ್ಯಾರ್ಥಿಗಳಿಗೆ, ಪ್ರಬಂಧನ ಮೊದಲು ನನ್ನ ಹತ್ತಿರ ತೋರಿಸಿಕೊಂಡು ಬನ್ನಿ ಅಂತಾರೆ. ಎಸ್ಸೆಸ್ಸೆಲ್ಸಿ ಇಂಗ್ಲಿಷನ್ನು ನಾನು ಮೂರನೇ ಸಲಕ್ಕೆ ಪಾಸು ಮಾಡಿದವನು ಅಂತ ಅವರಿಗೆ ಹೇಳೋಕೆ ಹೋಗಿಲ್ಲ. ಬರೋ ವ್ಯಾಪಾರ ಯಾರು ಕೆಡಿಸಿಕೊಳ್ತಾರೆ?